ಮೈಮೇಲೆ ಎಗರುವ ಹುಂಜ

ಬೆಳಗಿನ ಜಾವ ಹುಂಜ ಕೂಗುತ್ತದೆ. ಊರು ಏಳುತ್ತದೆ.

ಹಿತ್ತಿಲಲ್ಲಿ ನಾಲ್ಕು ಕೋಳಿ ಇದ್ದರೆ ಮನೆಗೆ ಒಂದು ಆಸರೆ. ಮೊಟ್ಟೆ ಮಾರಿದರೆ ಉಪ್ಪು, ಸೋಪಿಗೆ ಆಯಿತು. ಮಕ್ಕಳ ನೋಟ್‌ಬುಕ್ಕಿಗೂ ಆಯಿತು. ನೆಂಟರು ಬಂದರೆ ಸಾರಿಗೂ ಆಯಿತು.

ಆದರೆ ಮನೆಯ ಹುಂಜವೇ ಜನರ ಮೈಮೇಲೆ ಎಗರತೊಡಗಿದರೆ? ಬಂದವರ ಕಾಲಿಗೆ ಒದ್ದರೆ? ಮಕ್ಕಳ ಮುಖಕ್ಕೆ ಕುಕ್ಕಿದರೆ? ಆಗ ಏನು ಮಾಡಬೇಕು?

ಈ ಪಾಠ ಅದನ್ನು ಕುರಿತದ್ದು. ಇದು ನಮ್ಮ ಊರಿನಲ್ಲೇ ನಡೆದ ಸಂಗತಿ. ಇದರಲ್ಲಿ ನಾವು ಮಾಡಿದ ಒಂದು ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಹೇಳುತ್ತೇವೆ.

ಗೆಣಸಿನ ಜುಟ್ಟಿನ ಹುಂಜ

ನಾವು ಹಗಲು ಶಾಲೆಯಲ್ಲಿ ಪಾಠ ಹೇಳುವವರು. ಸಂಜೆ ಕಲಿಕಾ ಕೇಂದ್ರಕ್ಕೆ ಬರುತ್ತೇವೆ. ಅಲ್ಲಿಗೆ ಕೂಲಿ ಮುಗಿಸಿ ಒಬ್ಬ ಅಕ್ಕ ಬರುತ್ತಾರೆ. ಅವರ ಹಿತ್ತಿಲಲ್ಲಿ ಐದು ಹೆಣ್ಣು ಕೋಳಿ, ಒಂದು ಹುಂಜ.

ಆ ಹುಂಜ ನೋಡಲು ಬಹಳ ಚೆಂದ. ಕೆಂಪು ಮೈ, ಕಪ್ಪು ಬಾಲ. ಆದರೆ ಅದರ ಜುಟ್ಟು ಮಾತ್ರ ಬೇರೆ ಥರ. ಎಲ್ಲ ಹುಂಜಗಳ ಜುಟ್ಟು ಗರಗಸದ ಹಾಗೆ ಹಲ್ಲು ಹಲ್ಲಾಗಿ ನಿಂತಿರುತ್ತದೆ. ಇದರ ಜುಟ್ಟು ಹಾಗಿರಲಿಲ್ಲ. ಬೆಂದ ಗೆಣಸನ್ನು ಹಿಸುಕಿ ತಲೆಗೆ ಮೆತ್ತಿದ ಹಾಗೆ ಇತ್ತು. ಉಬ್ಬು ತಗ್ಗು, ಸುಕ್ಕು ಸುಕ್ಕು. ಹಲ್ಲು ಒಂದೂ ಇಲ್ಲ.

ಹುಂಜ ಮರಿಯಾಗಿದ್ದಾಗ ಬಲು ಸಾಧು. ಅಕ್ಕನ ಮಗಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳು. ಕೈಯಲ್ಲಿ ನುಚ್ಚು ತಿನ್ನಿಸುತ್ತಿದ್ದಳು. ಆರು ತಿಂಗಳಾಯಿತು. ಹುಂಜದ ಗುಣ ಬದಲಾಯಿತು. ಮೊದಲು ಸೀರೆಯ ಅಂಚಿಗೆ ಕುಕ್ಕಿತು. ಆಮೇಲೆ ಹಾಲಿಗೆ ಬಂದವರನ್ನು ಅಟ್ಟಿಸಿತು. ಪಕ್ಕದ ಮನೆಯವರು ನೀರಿಗೆ ಹೋಗುವ ದಾರಿಯನ್ನೇ ಬದಲಾಯಿಸಿದರು.

ಊರಿನವರ ಬಾಯಿಗೆ ಬೀಗ ಉಂಟೇ?

"ಜುಟ್ಟು ನೋಡಿ, ಅದು ಸಾಮಾನ್ಯ ಕೋಳಿ ಅಲ್ಲ. ಅಮ್ಮನಿಗೆ ಬಿಟ್ಟ ಕೋಳಿ. ಹರಕೆ ತೀರಿಸಿ" ಅಂದರು ಒಬ್ಬರು.

"ಅದು ಕೇಡಿನ ಜುಟ್ಟು. ಮನೆಗೆ ಒಳ್ಳೇದಲ್ಲ" ಅಂದರು ಇನ್ನೊಬ್ಬರು.

"ಆ ಜುಟ್ಟು ಕುಯ್ದು ಹಾಕಿ. ಸಿಟ್ಟು ತಾನೇ ಇಳೀತದೆ" ಅಂದರು ಮತ್ತೊಬ್ಬರು.

ಅಕ್ಕ ಮಾತ್ರ ಹೇಳಿದ್ದು ಇಷ್ಟೇ. "ಮೇಷ್ಟ್ರೇ, ಅದು ನಂಗೇನೂ ಮಾಡಾಕಿಲ್ಲ. ಬೇರೇರು ಕಂಡ್ರೆ ಹಂಗಾಡ್ತದೆ."

ಒಂದು ದಿನ ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗ ಚೆಂಡು ತರಲು ಹಿತ್ತಿಲಿಗೆ ಓಡಿದ. ಹುಂಜ ಹಾರಿ ಅವನ ಮುಖಕ್ಕೆ ಒದ್ದಿತು. ಕಣ್ಣಿನ ಕೆಳಗೆ ಅರ್ಧ ಬೆರಳಿನಷ್ಟು ಸೀಳಿತು. ಇನ್ನೊಂದು ಕಡ್ಡಿಯಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

"ನಿನ್ ಹುಂಜಾನ ಕಟ್ಟಾಕು. ಇಲ್ದಿದ್ರೆ ನಾನೇ ಕುಯ್ತೀನಿ" ಅಂದರು ಹುಡುಗನ ತಾಯಿ. ಅಕ್ಕನೂ ಸುಮ್ಮನಿರಲಿಲ್ಲ. "ನಿನ್ ಮಗ ಯಾಕೆ ನಮ್ ಹಿತ್ಲಿಗೆ ಬಂದ?" ಎಂದು ಕೇಳಿಬಿಟ್ಟರು. ಹದಿನೈದು ವರ್ಷದಿಂದ ಒಟ್ಟಿಗೆ ಕಳೆ ಕಿತ್ತವರು, ಒಟ್ಟಿಗೆ ಸಂತೆಗೆ ಹೋದವರು ಮಾತು ಬಿಟ್ಟರು.

ಆ ಸಂಜೆ ಕೇಂದ್ರದಲ್ಲಿ ಅಕ್ಷರ ಮುಂದೆ ಹೋಗಲಿಲ್ಲ. ಎಲ್ಲರ ಬಾಯಲ್ಲೂ ಹುಂಜವೇ. ಸರಿ, ಹುಂಜವೇ ಇಂದಿನ ಪಾಠ ಎಂದುಕೊಂಡೆವು.

ಜುಟ್ಟು ಹಾಗೆ ಯಾಕೆ?

ಕೋಳಿಯ ಜುಟ್ಟಿನಲ್ಲಿ ಹಲವು ಬಗೆ ಇವೆ. ಕೆಲವನ್ನು ಹೇಳುತ್ತೇವೆ.

ಒಂದು, ಗರಗಸ ಜುಟ್ಟು. ಇದು ಎಲ್ಲ ಕಡೆ ಕಾಣುವುದು.

ಎರಡು, ಅಗಲ ಜುಟ್ಟು. ಇದು ತಲೆಗೆ ಅಂಟಿ ಚಪ್ಪಟೆಯಾಗಿರುತ್ತದೆ. ಮೇಲೆ ಸಣ್ಣ ಸಣ್ಣ ಮೊನೆ. ಹಿಂದೆ ಒಂದು ಬಾಲ.

ಮೂರು, ಸಾಲು ಜುಟ್ಟು. ಇದು ಗಿಡ್ಡ. ಮೂರು ಸಾಲು ಕಾಳು ಜೋಡಿಸಿದ ಹಾಗೆ ಇರುತ್ತದೆ. ಅಸೀಲ್ ತಳಿಯ ಕೋಳಿಗಳಲ್ಲಿ ಇದನ್ನು ನೋಡಬಹುದು.

ನಾಲ್ಕು, ಅಕ್ರೋಟು ಜುಟ್ಟು. ಅಕ್ರೋಟು ಕಾಯಿ ನೋಡಿದ್ದೀರಾ? ಅದರ ಹಾಗೆ ಸುಕ್ಕು ಸುಕ್ಕು. ನಮ್ಮ ಅಕ್ಕನ ಹುಂಜದ್ದು ಇದೇ.

ಅಗಲ ಜುಟ್ಟಿನ ಕೋಳಿಗೂ ಸಾಲು ಜುಟ್ಟಿನ ಕೋಳಿಗೂ ಮರಿ ಆದರೆ ಅಕ್ರೋಟು ಜುಟ್ಟು ಬರಬಹುದು. ತಾಯಿಯ ಗುಣ ಒಂದು, ತಂದೆಯ ಗುಣ ಒಂದು. ಎರಡೂ ಸೇರಿ ಮೂರನೆಯ ರೂಪ ಆಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದಲ್ಲ, ಹಾಗೆ.

ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು. ಅದು ನೂರು ವರ್ಷಕ್ಕೂ ಹಿಂದಿನ ಮಾತು. ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಹೋಗುತ್ತದೆ ಎಂದು ತಿಳಿಯಲು ಅವರು ಕೋಳಿ ಜುಟ್ಟನ್ನೇ ಆರಿಸಿಕೊಂಡರು. ಅವರು ಇನ್ನೊಂದು ಸೋಜಿಗವನ್ನೂ ಕಂಡರು. ಹೀಗೆ ಹುಟ್ಟಿದ ಅಕ್ರೋಟು ಜುಟ್ಟಿನ ಹುಂಜ, ಹೆಣ್ಣು ಕೋಳಿಗಳಿಂದ ಮರಿ ಮಾಡಿಸಿದರೆ ನಾಲ್ಕೂ ಬಗೆ ಬರುತ್ತವೆ. 16 ಮರಿಗೆ ಸುಮಾರು 9 ಅಕ್ರೋಟು, 3 ಅಗಲ, 3 ಸಾಲು, 1 ಗರಗಸ. ಇದು ಲೆಕ್ಕ. ಒಂದೇ ಕಾವಿನಲ್ಲಿ ಸರಿಯಾಗಿ ಹೀಗೇ ಬರಬೇಕೆಂದಿಲ್ಲ. ನೂರಾರು ಮರಿ ಎಣಿಸಿದಾಗ ಈ ಲೆಕ್ಕ ಕಾಣುತ್ತದೆ.

ನಾವು ಅಕ್ಕನನ್ನು ಕೇಳಿದೆವು. "ಇದರ ತಾಯಿ ಯಾವುದು? ತಂದೆ ಯಾವುದು?"

ತಾಯಿ ಅವರ ತವರಿನಿಂದ ಬಂದದ್ದು. ಅದಕ್ಕೆ ಅಗಲ ಜುಟ್ಟು. ತಂದೆ ಸಂತೆಯಿಂದ ತಂದ ಅಸೀಲ್ ಬೆರಕೆ. ಅದಕ್ಕೆ ಗಿಡ್ಡ ಸಾಲು ಜುಟ್ಟು. ಲೆಕ್ಕ ಸರಿಹೋಯಿತು. ಹಾಗಾದರೆ ಆ ಜುಟ್ಟು ಶಾಪವೂ ಅಲ್ಲ, ಕೇಡೂ ಅಲ್ಲ. ಅದು ತಂದೆ ತಾಯಿ ಕೊಟ್ಟದ್ದು.

ಜುಟ್ಟು ಕುಯ್ದರೆ ಸಿಟ್ಟು ಹೋಗುತ್ತದೆಯೇ?

ಇಲ್ಲ. ಮೀಸೆ ಬೋಳಿಸಿದರೆ ಮುಂಗೋಪ ಹೋಗುತ್ತದೆಯೇ? ಹಾಗೇ ಇದೂ.

ಜುಟ್ಟು ಬರಿಯ ಅಲಂಕಾರ ಅಲ್ಲ. ಕೋಳಿಗೆ ಬೆವರು ಬರುವುದಿಲ್ಲ. ಮೈ ಬಿಸಿಯಾದಾಗ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಜೊತೆಗೆ ಜುಟ್ಟಿನಲ್ಲಿ ರಕ್ತ ಹರಿದು ಶಾಖ ಹೊರಗೆ ಹೋಗುತ್ತದೆ. ಜುಟ್ಟು ಕುಯ್ದರೆ ತುಂಬ ರಕ್ತ ಹೋಗುತ್ತದೆ. ಗಾಯಕ್ಕೆ ನೊಣ ಕೂರುತ್ತದೆ. ಹುಳ ಬೀಳಬಹುದು. ಆದ್ದರಿಂದ ಜುಟ್ಟಿಗೆ ಕತ್ತಿ ಹಾಕಬೇಡಿ.

ಆದರೆ ಜುಟ್ಟನ್ನು ದಿನವೂ ನೋಡಿ. ಅದು ಕೋಳಿಯ ಆರೋಗ್ಯದ ಕನ್ನಡಿ. ನಾಟಿ ಹುಂಜದ ಜುಟ್ಟು ಸಾಮಾನ್ಯವಾಗಿ ಕೆಂಪಗೆ ಇರಬೇಕು. ಬಿಳಿಚಿಕೊಂಡರೆ ಹೊಟ್ಟೆಯಲ್ಲಿ ಹುಳು, ಮೈಯಲ್ಲಿ ಹೇನು ಉಣ್ಣೆ ಇರಬಹುದು. ನೀಲಿ, ಕಪ್ಪು ಆದರೆ ಜೋರು ಕಾಯಿಲೆ ಇರಬಹುದು. ಗುಳ್ಳೆ ಎದ್ದು ಹಕ್ಕಳೆ ಕಟ್ಟಿದರೆ ಕೋಳಿ ಸಿಡುಬು ಇರಬಹುದು. ಹುಟ್ಟಿನಿಂದಲೇ ಬೇರೆ ರೂಪ ಇದ್ದರೆ ಅದು ತಳಿ. ನಿನ್ನೆ ಮೊನ್ನೆ ಬದಲಾದರೆ ಅದು ರೋಗ. ಆಗ ಪಶು ಆಸ್ಪತ್ರೆಯಲ್ಲಿ ಕೇಳಿ.

ಹಾಗಾದರೆ ಸಿಟ್ಟು ಎಲ್ಲಿಂದ ಬಂತು?

ಜುಟ್ಟಿಗೂ ಸಿಟ್ಟಿಗೂ ನಂಟೇ ಇಲ್ಲವೇ? ಒಂದು ನಂಟು ಇದೆ. ಅದು ಜುಟ್ಟಿನ ರೂಪದ್ದಲ್ಲ. ಎರಡೂ ಬೆಳೆಯುವುದು ಒಂದೇ ರಸದಿಂದ.

1849ರಲ್ಲಿ ಜರ್ಮನಿ ದೇಶದ ಬೆರ್ಟೋಲ್ಡ್ ಎಂಬ ವಿದ್ವಾಂಸರು ಆರು ಎಳೆಯ ಹುಂಜಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವಕ್ಕೆ ಬೀಜ ಪೂರ್ತಿ ತೆಗೆದರು. ಅವು ಹುಂಜಗಳಾಗಲಿಲ್ಲ. ಜುಟ್ಟು ಸಣ್ಣದಾಗಿಯೇ ಉಳಿಯಿತು. ಅವು ಜೋರಾಗಿ ಕೂಗಲಿಲ್ಲ. ಜಗಳಕ್ಕೂ ಹೋಗಲಿಲ್ಲ. ಇನ್ನು ಕೆಲವಕ್ಕೆ ಬೀಜ ತೆಗೆದು ಮತ್ತೆ ಹೊಟ್ಟೆಯೊಳಗೇ ಬೇರೆ ಕಡೆ ಇಟ್ಟರು. ಅವು ಎಂದಿನಂತೆ ಜುಟ್ಟು ಬೆಳೆಸಿದವು, ಕೂಗಿದವು, ಜಗಳವಾಡಿದವು. ಬೀಜದಿಂದ ಏನೋ ಒಂದು ರಸ ರಕ್ತಕ್ಕೆ ಸೇರುತ್ತದೆ ಎಂದು ಇದರಿಂದ ತಿಳಿಯಿತು. ಆ ರಸವೇ ಜುಟ್ಟು ಬೆಳೆಸುತ್ತದೆ. ಅದೇ ಗಂಡಸುತನದ ಸಿಟ್ಟನ್ನೂ ತರುತ್ತದೆ.

ಇದು ರೈತರಿಗೆ ಹೊಸದಲ್ಲ. ಹೋರಿಗೆ ಬೀಜ ಒಡೆಸಿದರೆ ಸಾಧು ಎತ್ತು ಆಗುತ್ತದೆ. ಆದರೆ ಹುಂಜಕ್ಕೆ ಬೀಜ ಇರುವುದು ಹೊಟ್ಟೆಯೊಳಗೆ. ಮನೆಯಲ್ಲಿ ಅದನ್ನು ತೆಗೆಯಲು ಹೋಗಬೇಡಿ. ಹುಂಜ ಸಾಯುತ್ತದೆ.

ಐದಾರು ತಿಂಗಳಿಗೆ ಈ ರಸ ಹೆಚ್ಚುತ್ತದೆ. ಸಾಧು ಮರಿ ಒಮ್ಮೆಗೇ ಬದಲಾಗುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ನಾವು ಸಾಕುವ ಕೋಳಿ ಮೂಲದಲ್ಲಿ ಕಾಡುಕೋಳಿಯ ಸಂತತಿ. ಕಾಡಿನಲ್ಲಿ ಹುಂಜದ ಕೆಲಸ ಕಾವಲು. ಹದ್ದು ಬಂದರೆ ಕೂಗಬೇಕು. ಬೇರೆ ಹುಂಜ ಬಂದರೆ ಓಡಿಸಬೇಕು. ಹಿತ್ತಿಲಿಗೆ ಬಂದರೂ ಅದು ಆ ಕೆಲಸ ಬಿಟ್ಟಿಲ್ಲ. ನಾವು ಹೆಣ್ಣು ಕೋಳಿ ಹಿಡಿಯಲು ಹೋಗುತ್ತೇವೆ. ಕೋಳಿ ಕಿರುಚುತ್ತದೆ. ಹುಂಜದ ಕಣ್ಣಿಗೆ ನಾವೇ ಹದ್ದು!

ಕೈಯಲ್ಲಿ ಮುದ್ದು ಮಾಡಿ ಬೆಳೆಸಿದ ಹುಂಜ ಇನ್ನೂ ಕಷ್ಟ. ಅದಕ್ಕೆ ಮನುಷ್ಯರ ಹೆದರಿಕೆ ಇರುವುದಿಲ್ಲ. ನಮ್ಮನ್ನೂ ಒಂದು ಹುಂಜ ಎಂದೇ ತಿಳಿಯುತ್ತದೆ. ಅಕ್ಕನ ಹುಂಜಕ್ಕೆ ಆದದ್ದು ಇದೇ. ಮಗಳ ಪ್ರೀತಿ ತಪ್ಪಲ್ಲ. ಆದರೆ ಗಂಡು ಮರಿಯನ್ನು ಅತಿಯಾಗಿ ಮುದ್ದು ಮಾಡಬಾರದು.

ಅಸೀಲ್ ಎಂದರೆ ಜಗಳದ ಕೋಳಿ, ಅದಕ್ಕೇ ಹೀಗೆ ಎಂದು ಕೆಲವರು ಹೇಳಿದರು. ಅದೂ ಪೂರ್ತಿ ಸರಿಯಲ್ಲ. ಅಸೀಲ್ ಹುಂಜ ಇನ್ನೊಂದು ಹುಂಜದ ಮೇಲೆ ಬೀಳುತ್ತದೆ. ಸಾಕಿದವರ ಹತ್ತಿರ ಬಹಳ ಅಸೀಲ್ ಹುಂಜಗಳು ಸಾಧುವಾಗಿಯೇ ಇರುತ್ತವೆ. ಗರಗಸ ಜುಟ್ಟಿನ ನಾಟಿ ಹುಂಜವೂ ಎಗರಬಹುದು. ಆದ್ದರಿಂದ ಜುಟ್ಟು ನೋಡಿ ಗುಣ ಹೇಳಬೇಡಿ. ನಡೆ ನೋಡಿ ಹೇಳಿ.

ಎಗರುವ ಮೊದಲು ಹುಂಜ ಹೇಳುತ್ತದೆ

ಹುಂಜ ಏಕಾಏಕಿ ಎಗರುವುದು ಕಡಿಮೆ. ಮೊದಲು ಗುರುತು ಕೊಡುತ್ತದೆ. ನೀವು ನೋಡಿ ಕಲಿಯಿರಿ.

ಒಂದು ರೆಕ್ಕೆಯನ್ನು ಕೆಳಗೆ ಇಳಿಬಿಡುತ್ತದೆ. ಓರೆಯಾಗಿ ಹೆಜ್ಜೆ ಹಾಕಿ ನಮ್ಮನ್ನು ಸುತ್ತುತ್ತದೆ.

ಕತ್ತಿನ ಗರಿ ಕೊಡೆಯಂತೆ ಅರಳುತ್ತದೆ.

ತಲೆ ತಗ್ಗಿಸಿ ದಿಟ್ಟಿಸುತ್ತದೆ. ನೆಲದಲ್ಲಿ ಏನೂ ಇಲ್ಲದಿದ್ದರೂ ಕುಕ್ಕುತ್ತದೆ.

ಆಮೇಲೆ ಹಾರಿ ಎರಡೂ ಕಾಲು ಮುಂದೆ ಚಾಚಿ ಒದೆಯುತ್ತದೆ. ಗಾಯ ಮಾಡುವುದು ಹೆಚ್ಚಾಗಿ ಕೊಕ್ಕಲ್ಲ. ಕಾಲಿನ ಹಿಂದೆ ಇರುವ ಮುಳ್ಳು. ವಯಸ್ಸಾದಂತೆ ಆ ಮುಳ್ಳು ಉದ್ದ ಆಗುತ್ತದೆ, ಚೂಪೂ ಆಗುತ್ತದೆ.

ದೊಡ್ಡವರಿಗಾದರೆ ಮೊಣಕಾಲಿಗೆ ಪೆಟ್ಟು. ಪುಟ್ಟ ಮಗುವಿಗೆ? ಅದರ ಮುಖವೇ ಹುಂಜ ಹಾರುವ ಎತ್ತರದಲ್ಲಿ ಇರುತ್ತದೆ. ಇದನ್ನು ಮರೆಯಬೇಡಿ.

ನಾವು ಮಾಡಿದ ತಪ್ಪು

ಮೊದಲ ದಿನ ಅಕ್ಕ ನಮ್ಮನ್ನು ಕೇಳಿದ್ದರು. ನಾವು ಯೋಚಿಸದೆ ಹೇಳಿಬಿಟ್ಟೆವು. "ಕೋಲು ತಗೊಂಡು ಎರಡು ಬಿಡಿ. ದಂಡಂ ದಶಗುಣಂ."

ಅಕ್ಕ ಹಾಗೇ ಮಾಡಿದರು. ಹುಂಜ ಹೆದರಲಿಲ್ಲ. ಹೊಡೆದಷ್ಟೂ ಎಗರಿತು. ಮೂರು ದಿನದಲ್ಲಿ ಕೋಲು ಕಂಡರೆ ಸಾಕು, ಓಡಿ ಬರತೊಡಗಿತು. ಅದುವರೆಗೆ ಅಕ್ಕನನ್ನು ಬಿಟ್ಟಿದ್ದ ಹುಂಜ ಅಕ್ಕನಿಗೂ ಒದ್ದಿತು.

ಯಾಕೆ ಹೀಗಾಯಿತು? ಹುಂಜಕ್ಕೆ ಹೊಡೆತ ಎಂದರೆ ಶಿಕ್ಷೆ ಅಲ್ಲ. ಅದು ಜಗಳಕ್ಕೆ ಕರೆ. ಎದುರಿಗೆ ಇನ್ನೊಂದು ಹುಂಜ ಬಂದಿದೆ ಎಂದು ಅದು ತಿಳಿಯಿತು.

ಓಡಿಹೋಗುವುದೂ ತಪ್ಪು. ನಾವು ಓಡಿದರೆ ಹುಂಜ ಗೆದ್ದ ಹಾಗೆ. ಎಗರಿದರೆ ಇವರು ಓಡುತ್ತಾರೆ ಎಂದು ಅದು ಕಲಿಯುತ್ತದೆ. ನಾಳೆ ಮತ್ತೆ ಎಗರುತ್ತದೆ.

ಹೊಡೆಯಲೂ ಬಾರದು, ಓಡಲೂ ಬಾರದು. ಮತ್ತೆ ಏನು ಮಾಡಬೇಕು?

ಏನು ಮಾಡಬೇಕು?

1. ಕೈಯಲ್ಲಿ ಮೊರ ಅಥವಾ ಮಂಕರಿ ಇಟ್ಟುಕೊಂಡು ಹಿತ್ತಿಲಿಗೆ ಹೋಗಿ. ಹುಂಜ ಬಂದರೆ ಅದನ್ನು ಅಡ್ಡ ಹಿಡಿಯಿರಿ. ಬೀಸಬೇಡಿ. ಗೋಡೆಯ ಹಾಗೆ ಸುಮ್ಮನೆ ಹಿಡಿಯಿರಿ. ಹುಂಜ ಒದೆಯಲಿ. ಗೋಡೆಗೆ ಒದ್ದು ಅದಕ್ಕೇ ಬೇಸರ ಬರುತ್ತದೆ.

2. ನಿಂತ ಜಾಗದಲ್ಲೇ ನಿಲ್ಲಿ. ಹುಂಜ ಬೇರೆ ಕಡೆ ತಿರುಗುವ ತನಕ ಕಾಯಿರಿ. ಆಮೇಲೆ ನಿಧಾನವಾಗಿ ನಿಮ್ಮ ಕೆಲಸಕ್ಕೆ ಹೋಗಿ. ಬೆನ್ನು ತೋರಿಸಿ ಓಡಬೇಡಿ.

3. ಕಾಳು ಹಾಕುವುದು ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ. ದೂರದಿಂದಲೇ ಎರಚಿ. ನೀವು ಬಂದರೆ ಕಾಳು ಬರುತ್ತದೆ ಎಂದು ಹುಂಜ ಕಲಿಯಲಿ.

4. ಹೆಣ್ಣು ಕೋಳಿಯನ್ನು ಹುಂಜದ ಎದುರಿಗೆ ಹಿಡಿಯಬೇಡಿ. ಮೊಟ್ಟೆಯನ್ನೂ ಅದರ ಎದುರಿಗೆ ತೆಗೆಯಬೇಡಿ. ಕೋಳಿಯನ್ನು ಹಿಡಿಯಬೇಕಾದರೆ ಕತ್ತಲಾದ ಮೇಲೆ ಹಿಡಿಯಿರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ. ಸುಮ್ಮನೆ ಕೂತಿರುತ್ತದೆ.

5. ಹಾಗೇ ಕತ್ತಲಾದ ಮೇಲೆ ಹುಂಜವನ್ನೂ ಹಿಡಿದು ಮೈ ನೋಡಿ. ಕಾಲಲ್ಲಿ ಗಾಯ, ಮೈಯಲ್ಲಿ ಹೇನು ಇದೆಯೇ? ನೋವಿದ್ದರೂ ಹುಂಜ ಸಿಟ್ಟಾಗುತ್ತದೆ.

6. ಕಾಲಿನ ಮುಳ್ಳಿನ ಚೂಪು ತೆಗೆಯಿರಿ. ಹುಂಜವನ್ನು ಟವಲಿನಲ್ಲಿ ಸುತ್ತಿ ಒಬ್ಬರು ಹಿಡಿಯಲಿ. ಇನ್ನೊಬ್ಬರು ಅರದಿಂದ ತುದಿಯನ್ನು ಮಾತ್ರ ಉಜ್ಜಿ ಮೊಂಡು ಮಾಡಲಿ. ಬುಡದ ತನಕ ಕತ್ತರಿಸಬೇಡಿ. ಒಳಗೆ ಮೂಳೆ ಇದೆ, ರಕ್ತವೂ ಇದೆ.

7. ಒಂದು ಹುಂಜಕ್ಕೆ ಎಂಟು ಹತ್ತು ಹೆಣ್ಣು ಕೋಳಿ ಸಾಕು. ಸಣ್ಣ ಹಿತ್ತಿಲಲ್ಲಿ ಎರಡು ಮೂರು ಹುಂಜ ಬೇಡ. ಹುಂಜ ಹೆಚ್ಚಾದರೆ ಜಗಳವೂ ಹೆಚ್ಚು.

8. ಮಕ್ಕಳಿಗೆ ಹೇಳಿ. ಕೋಳಿಯನ್ನು ಅಟ್ಟಿಸಬಾರದು. ಕಲ್ಲು ಹೊಡೆಯಬಾರದು. ರೇಗಿಸಬಾರದು. ಐದು ವರ್ಷದ ಒಳಗಿನ ಮಕ್ಕಳನ್ನು ಹುಂಜ ಬಿಟ್ಟಿರುವ ಹಿತ್ತಿಲಿಗೆ ಒಂಟಿಯಾಗಿ ಕಳಿಸಲೇಬಾರದು.

ಇದಕ್ಕೆಲ್ಲ ತಾಳ್ಮೆ ಬೇಕು. ಒಂದು ದಿನಕ್ಕೆ ಆಗುವ ಕೆಲಸ ಅಲ್ಲ.

ಗಾಯ ಆದರೆ?

ಪಕ್ಕದ ಮನೆಯವರು ಹುಡುಗನ ಗಾಯಕ್ಕೆ ಅರಿಸಿನ ಮೆತ್ತಿದ್ದರು. ಅದು ಸಾಲದು. ಮೊದಲು ತೊಳೆಯಬೇಕು.

ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಪು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಶುದ್ಧ ಬಟ್ಟೆ ಒತ್ತಿ ರಕ್ತ ನಿಲ್ಲಿಸಿ. ಹುಂಜದ ಮುಳ್ಳು ತಿಪ್ಪೆ ಕೆರೆದ ಮುಳ್ಳು. ಮಣ್ಣಿನಲ್ಲಿ, ಗೊಬ್ಬರದಲ್ಲಿ ಧನುರ್ವಾಯು ರೋಗದ ಕ್ರಿಮಿ ಇರುತ್ತದೆ. ಆಳವಾದ ಗಾಯದಲ್ಲಿ ಅದು ಬೆಳೆಯುತ್ತದೆ. ಅದಕ್ಕೇ ಆರೋಗ್ಯ ಕೇಂದ್ರಕ್ಕೆ ಹೋಗಿ ಗಾಯ ತೋರಿಸಿ. ಮಗುವಿನ ಲಸಿಕೆ ಕಾರ್ಡು ಜೊತೆಗೆ ಒಯ್ಯಿರಿ. ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದು ಅವರು ನೋಡಿ ಹೇಳುತ್ತಾರೆ.

ಕಣ್ಣಿಗೇ ಪೆಟ್ಟು ಬಿದ್ದರೆ? ಉಜ್ಜಬೇಡಿ. ಒತ್ತಬೇಡಿ. ಎದೆಹಾಲು, ಸೊಪ್ಪಿನ ರಸ, ಎಣ್ಣೆ ಏನನ್ನೂ ಹಾಕಬೇಡಿ. ಒತ್ತಡ ಬೀಳದ ಹಾಗೆ ಕಣ್ಣನ್ನು ಮರೆಮಾಡಿ. ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸಂಜೆ ನೋಡೋಣ, ನಾಳೆ ನೋಡೋಣ ಎನ್ನಬೇಡಿ.

ಒಬ್ಬ ಅಜ್ಜಿ ಕೇಳಿದರು. "ಕೋಳಿ ಕುಕ್ಕಿದ್ರೆ ಹುಚ್ಚುನಾಯಿ ರೋಗ ಬತ್ತದಾ?" ಇಲ್ಲ ಅಜ್ಜಿ. ಆ ರೋಗ ನಾಯಿ, ಬೆಕ್ಕು, ಕೋತಿಯಂಥ ಮರಿಗೆ ಹಾಲೂಡಿಸುವ ಪ್ರಾಣಿಗಳಿಂದ ಬರುತ್ತದೆ. ಕೋಳಿಯಿಂದ ಬರುವುದಿಲ್ಲ.

ಆದರೂ ಬುದ್ಧಿ ಬಾರದಿದ್ದರೆ?

ಅಕ್ಕ ಕೋಲು ಬಿಟ್ಟು ಮೊರ ಹಿಡಿದರು. ಮೂರು ವಾರ ಕಳೆಯಿತು. ಹುಂಜ ದೊಡ್ಡವರ ಮೇಲೆ ಎಗರುವುದು ನಿಂತಿತು. ಆದರೆ ಮಕ್ಕಳು ಓಡಿದರೆ ಮಾತ್ರ ಮತ್ತೆ ರೆಕ್ಕೆ ಇಳಿಬಿಡುತ್ತಿತ್ತು.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು ಹೇಳಬೇಕು. ಎಲ್ಲ ಹುಂಜವೂ ಸರಿಹೋಗುವುದಿಲ್ಲ. ಹುಂಜದ ಬೆಲೆ ಹೆಚ್ಚೋ, ಮಗುವಿನ ಕಣ್ಣು ಹೆಚ್ಚೋ? ನೀವೇ ಹೇಳಿ.

ಸರಿಹೋಗದ ಹುಂಜವನ್ನು ಬಿಡಬಾರದು. ಬಿದಿರಿನ ತಡಿಕೆ ಕಟ್ಟಿ ಅದರೊಳಗೆ ಕೂಡಬೇಕು. ಮೇಲೆ ಬಲೆ ಹಾಕಬೇಕು. ಯಾಕೆಂದರೆ ನಾಟಿ ಹುಂಜ ಚೆನ್ನಾಗಿ ಹಾರುತ್ತದೆ. ಒಳಗೆ ನೆರಳು, ನೀರು ಇರಬೇಕು.

ಅದರಿಂದ ಮರಿ ಮಾಡಿಸಬೇಡಿ. ಜುಟ್ಟಿನ ಹಾಗೆ ಗುಣವೂ ಸ್ವಲ್ಪ ಮಟ್ಟಿಗೆ ಮರಿಗೆ ಬರುತ್ತದೆ. ಸಾಧು ಹುಂಜವನ್ನೇ ಸಂತತಿಗೆ ಇಟ್ಟುಕೊಳ್ಳಿ.

"ಹುಂಜ ಇಲ್ದಿದ್ರೆ ಮೊಟ್ಟೆ ಇಡಾದು ಹೆಂಗೆ?" ಎಂದು ಅಕ್ಕ ಚಿಂತೆ ಮಾಡಿದರು. ಬಹಳ ಜನರಿಗೆ ಈ ಚಿಂತೆ ಇದೆ. ಹುಂಜ ಇಲ್ಲದಿದ್ದರೂ ಹೆಣ್ಣು ಕೋಳಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯನ್ನು ಮಾರಬಹುದು, ತಿನ್ನಬಹುದು. ಕಾವಿಗೆ ಇಟ್ಟು ಮರಿ ಮಾಡಿಸಲು ಮಾತ್ರ ಹುಂಜ ಬೇಕು.

ಮಾರುವುದಾದರೆ ಕೊಳ್ಳುವವರಿಗೆ ನಿಜ ಹೇಳಿ. ನಮ್ಮ ಮನೆಯ ಗಾಯ ಅವರ ಮನೆಗೆ ಹೋಗಬಾರದು. ಕೋಳಿ ಅಂಕಕ್ಕೆ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಲು ಬಿಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಕರ್ನಾಟಕದಲ್ಲಿ ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದಕ್ಕೂ 1959ರ ಕಾಯ್ದೆಯ ತಡೆ ಇದೆ. ಸಾಕಿದವರೇ ಮನೆಯಲ್ಲಿ ಸಾರು ಮಾಡಿಕೊಂಡರೆ ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಕ್ಕ ಬರೆದ ಬೋರ್ಡು

ಅಕ್ಕ ಎರಡು ಕೆಲಸ ಮಾಡಿದರು.

ಮೊದಲು ಪಕ್ಕದ ಮನೆಗೆ ಹೋದರು. "ಹುಂಜ ನಂದು. ತಪ್ಪೂ ನಂದೇ ಕಣಕ್ಕ" ಅಂದರು. ಆಸ್ಪತ್ರೆಗೆ ಹೋಗಿಬಂದ ಬಸ್ ಚಾರ್ಜು ಕೊಟ್ಟರು. ಆ ತಾಯಿ ಮೊದಲು ಮುಖ ತಿರುಗಿಸಿದರು. ಆಮೇಲೆ ಒಂದು ಲೋಟ ಕಾಫಿ ತಂದಿಟ್ಟರು.

ಎರಡನೆಯದು ತಡಿಕೆ. ಅದನ್ನು ಎರಡೂ ಮನೆಯವರು ಸೇರಿ ಕಟ್ಟಿದರು. ಬಿದಿರು ಪಕ್ಕದ ಮನೆಯದು, ಹಗ್ಗ ಅಕ್ಕನದು.

ಆಮೇಲೆ ಅಕ್ಕ ಒಂದು ಹಳೆಯ ತಗಡು ತಂದರು. ಸುಣ್ಣದಲ್ಲಿ ತಾವೇ ಬರೆದರು. "ಎಗರೋ ಹುಜ ಇದೆ. ಮಕ್ಳು ಒಳಗೆ ಬರಬೇಡಿ." ಮಗಳು ಓದಿ ನಕ್ಕಳು. "ಅವ್ವ, ಸೊನ್ನೆ ಬಿಟ್ಟಿದ್ದೀಯ." ಅಕ್ಕ ಸೊನ್ನೆ ಹಾಕಿದರು. ಹುಜ ಹುಂಜ ಆಯಿತು.

ಅದು ಅಕ್ಕ ತಮ್ಮ ಹೆಸರು ಬಿಟ್ಟು ಬೇರೆಯವರು ಓದಲಿ ಎಂದು ಬರೆದ ಮೊದಲ ಮಾತು. ನಾಲ್ಕು ವರ್ಷದ ಹುಡುಗನಿಗೆ ಓದಲು ಬಾರದು. ಅವನಿಗೆ ತಡಿಕೆಯೇ ಬೋರ್ಡು. ಆದರೆ ಊರಿನ ಉಳಿದ ಮಕ್ಕಳು ಅದನ್ನು ಓದುತ್ತಾರೆ. ದೂರದಲ್ಲೇ ನಿಲ್ಲುತ್ತಾರೆ.

ಹುಂಜ ಈಗಲೂ ತಡಿಕೆಯೊಳಗೆ ಇದೆ. ಬೆಳಗಿನ ಜಾವ ಕೂಗುತ್ತದೆ. ಅದರ ಜುಟ್ಟು ಈಗಲೂ ಹಾಗೇ ಇದೆ. ಅದು ಶಾಪದ ಜುಟ್ಟು ಎಂದು ಈಗ ಯಾರೂ ಹೇಳುವುದಿಲ್ಲ. ಹುಡುಗನ ಕೆನ್ನೆಯ ಮೇಲೆ ಸಣ್ಣ ಗೆರೆ ಉಳಿದಿದೆ. ಕಣ್ಣು ಚೆನ್ನಾಗಿದೆ.

ಓದಿದಿರಲ್ಲ, ಈಗ ಮಾತಾಡೋಣ

ನಿಮ್ಮ ಹಿತ್ತಿಲಿನ ಹುಂಜದ ಜುಟ್ಟು ಯಾವ ಬಗೆಯದು? ನಾಳೆ ನೋಡಿ ಬಂದು ಹೇಳಿ.

ಹುಂಜ ಎಗರುವ ಮೊದಲು ಕೊಡುವ ಗುರುತುಗಳು ಯಾವುವು?

ಹುಂಜ ಎಗರಿದಾಗ ಓಡಬಾರದು, ಹೊಡೆಯಲೂ ಬಾರದು. ಯಾಕೆ?

ನಿಮ್ಮ ಮನೆಯ ಬಾಗಿಲಿಗೆ, ಹಿತ್ತಿಲಿಗೆ ಒಂದು ಎಚ್ಚರಿಕೆಯ ಮಾತು ಬೇಕಿದ್ದರೆ ಏನು ಬರೆಯುತ್ತೀರಿ? ಇಲ್ಲಿ ಬರೆಯಿರಿ. ಸೊನ್ನೆ ಮರೆಯಬೇಡಿ.